ಕೋವಿಯ ಆಯುಷ್ಯ ತೋಟಾದ ಕೈಯಲ್ಲಿ

2021ರ ಮಾರ್ಚ್ 22ರಂದು ಬ್ರಿಟನ್‌ನಲ್ಲಿ ಏಳು ಬಗೆಯ ತೋಟಾಗಳು (ಗುಂಡು, ಮದ್ದು, ಕಿಡಿಯ ಮಸಾಲೆ ಒಟ್ಟಿಗಿರುವ ಕಾರ್ಟ್ರಿಜ್‌ಗಳು) ಕಾನೂನಿನ ಕಣ್ಣಿಗೆ ಮತ್ತೆ ಜೀವ ಪಡೆದವು. ಯಾವ ಕಾರ್ಖಾನೆಯೂ ಅವನ್ನು ಹೊಸದಾಗಿ ತಯಾರಿಸಲು ಹೊರಟಿರಲಿಲ್ಲ. ‘ಬಳಕೆ ತಪ್ಪಿದವು’ ಎಂದು ಸರಕಾರವೇ ಹಿಂದೆ ಪಟ್ಟಿ ಮಾಡಿದ್ದ ತೋಟಾಗಳಲ್ಲಿ ಏಳನ್ನು, ಅಂದು ಜಾರಿಗೆ ಬಂದ ಹೊಸ ನಿಯಮಾವಳಿ ಕೈಬಿಟ್ಟಿತು. ಅಲ್ಲಿಯವರೆಗೆ ಗಾಜಿನ ಕಪಾಟಿನ ಅಲಂಕಾರವಾಗಿದ್ದ ಎಷ್ಟೋ ಹಳೆಯ ರಿವಾಲ್ವರುಗಳು ಅದರೊಂದಿಗೆ ಆಯುಧಗಳೆನಿಸಿಕೊಂಡವು. ಮಾಲೀಕರು ಸೆಪ್ಟೆಂಬರ್ 22ರೊಳಗೆ ಪರವಾನಗಿಗೆ ಅರ್ಜಿ ಹಾಕಬೇಕಿತ್ತು, ಇಲ್ಲವೇ ಅವನ್ನು ವಿಲೇವಾರಿ ಮಾಡಬೇಕಿತ್ತು.

ಇದರ ಹಿನ್ನೆಲೆ ಹೀಗಿದೆ. ಅಲ್ಲಿನ 1968ರ ಬಂದೂಕು ಕಾಯಿದೆಯ ಪ್ರಕಾರ, ಕುತೂಹಲಕ್ಕೋ ಅಲಂಕಾರಕ್ಕೋ ಇಟ್ಟುಕೊಂಡ ಪುರಾತನ ಕೋವಿಗೆ ಪರವಾನಗಿ ಬೇಕಿಲ್ಲ. ಪುರಾತನ ಯಾವುದೆಂದು ತೀರ್ಮಾನಿಸುವಾಗ ಕೋವಿಯ ವಯಸ್ಸೊಂದನ್ನೇ ನೋಡುವುದಿಲ್ಲ, ಅದು ಯಾವ ತೋಟಾ ತಿನ್ನುತ್ತದೆ ಎಂಬುದನ್ನೂ ನೋಡುತ್ತಾರೆ. ಹೊಂದುವ ತೋಟಾ ಪೇಟೆಯಿಂದ ಮಾಯವಾಗಿದ್ದರೆ ಕೋವಿ ನಿರುಪದ್ರವಿ ಎಂಬುದು ಲೆಕ್ಕಾಚಾರ. ಆದರೆ ಅಪರಾಧಿಗಳು ಈ ಲೆಕ್ಕಾಚಾರದ ಸಂದಿಯನ್ನು ಕಂಡುಕೊಂಡರು. ಪರವಾನಗಿ ಹೊಂದಿದ್ದ ಬಂದೂಕು ವ್ಯಾಪಾರಿಯೊಬ್ಬ ಹಳೆಯ ಪಿಸ್ತೂಲುಗಳಿಗೆ ಹೊಂದುವ ತೋಟಾಗಳನ್ನು ತಯಾರಿಸಿ ಪಾತಕಿಗಳ ಕೈಗೆ ಸೇರುವಂತೆ ಮಾಡಿದ್ದಕ್ಕಾಗಿ 2017ರಲ್ಲಿ ಬರ್ಮಿಂಗ್‌ಹ್ಯಾಂ ನ್ಯಾಯಾಲಯ ಅವನಿಗೆ 30 ವರ್ಷಗಳ ಸಜೆ ವಿಧಿಸಿತು. 2021ರಲ್ಲಿ ಪಟ್ಟಿಯಿಂದ ಹೊರಬಿದ್ದ ಏಳರಲ್ಲಿ .41 ಕೋಲ್ಟ್ (ಈ ಸಂಖ್ಯೆ ಗುಂಡಿನ ಸರಿಸುಮಾರು ಅಡ್ಡಳತೆ, ಅಂಗುಲದಲ್ಲಿ), .44 ಸ್ಮಿತ್ ಅಂಡ್ ವೆಸನ್ ರಷ್ಯನ್, .442 ರಿವಾಲ್ವರ್, 1873ರ ಫ್ರೆಂಚ್ ಸೇನಾ ರಿವಾಲ್ವರಿನ 11 ಮಿ.ಮೀ. ತೋಟಾ ಸೇರಿವೆ. ಎಲ್ಲವೂ ಹತ್ತೊಂಬತ್ತನೆಯ ಶತಮಾನದವು.

ಅಮೆರಿಕದ ದಾರಿ ಬೇರೆ. ಅಲ್ಲಿನ ಒಕ್ಕೂಟ ಕಾನೂನು 1898 ಎಂಬ ಗೆರೆ ಎಳೆದು, ಆ ವರ್ಷ ಅಥವಾ ಅದಕ್ಕೂ ಮುಂಚೆ ತಯಾರಾದ ಬಂದೂಕನ್ನು ಪುರಾತನವೆಂದು ಪರಿಗಣಿಸುತ್ತದೆ. ಇದು ಆಡಳಿತಕ್ಕೆ ಸುಲಭ, ಆದರೆ ವಸ್ತುಸ್ಥಿತಿಗೆ ಕುರುಡು. 1898ರಲ್ಲಿ ತಯಾರಾದ ಒಳ್ಳೆಯ ಮೌಸರ್ ರೈಫಲ್ ಇಂದಿಗೂ ಅಷ್ಟೇ ದೂರಕ್ಕೆ, ಅಷ್ಟೇ ನಿಖರವಾಗಿ ಹೊಡೆಯುತ್ತದೆ. ಬ್ರಿಟನ್ನಿನ ಪಟ್ಟಿಯನ್ನು ಮತ್ತೆ ಮತ್ತೆ ಪರಿಷ್ಕರಿಸಬೇಕಾಗುವುದು ನಿಜ. ಆದರೂ ನನ್ನ ಮಟ್ಟಿಗೆ ಅದೇ ಸರಿಯಾದ ವಿಧಾನ, ಏಕೆಂದರೆ ಅದು ನೋಡಬೇಕಾದ ಜಾಗವನ್ನು ನೋಡುತ್ತದೆ. ಉಕ್ಕಿನ ನಳಿಗೆ ಎಣ್ಣೆ ಕಂಡುಕೊಂಡಿದ್ದರೆ ನೂರೈವತ್ತು ವರ್ಷ ಬಾಳುತ್ತದೆ. ಕೋವಿಯನ್ನು ಮೂಲೆಗೆ ತಳ್ಳುವುದು ಸವಕಳಿಯಲ್ಲ. ಅದರ ತೋಟಾ, ಆ ತೋಟಾ ತಯಾರಿಸುವ ಕಾರ್ಖಾನೆ, ಗೋದಾಮಿನ ದಾಸ್ತಾನು, ಇವುಗಳ ಮೇಲಿನ ಕಾನೂನು ಮುಂದೆ ಸರಿದಾಗ ಕೋವಿ ನಿಂತಲ್ಲೇ ಹಳತಾಗುತ್ತದೆ. ಬಳಕೆ ತಪ್ಪಿದ ವಿನ್ಯಾಸಗಳ ಇತಿಹಾಸ ಉದ್ದಕ್ಕೂ ಹೇಳುವುದು ಇದನ್ನೇ.

ಮೊದಲು ಕಿಡಿಯ ಕಥೆ. ಚಕಮಕಿ ಬಂದೂಕು ಸುಮಾರು ಇನ್ನೂರು ವರ್ಷ ಜಗತ್ತಿನ ಸೈನ್ಯಗಳ ಆಯುಧವಾಗಿತ್ತು. ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರಬೇಕು, ಹೊರಗಿನ ಬಟ್ಟಲಿನ ಮದ್ದು ಹೊತ್ತಬೇಕು, ಆ ಬೆಂಕಿ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದನ್ನು ಮುಟ್ಟಬೇಕು. ಮಳೆ ಬಂದರೆ ಎಲ್ಲವೂ ವ್ಯರ್ಥ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಹಕ್ಕಿ ಬೇಟೆಯ ಹುಚ್ಚಿನವರು. ಬಟ್ಟಲಿನ ಮದ್ದು ಭಗ್ಗೆಂದ ಕೂಡಲೇ, ಈಡು ಹಾರುವ ಮುನ್ನವೇ ಹಕ್ಕಿಗಳು ಎದ್ದು ಹೋಗುತ್ತಿದ್ದುದನ್ನು ಕಂಡು ಅವರು ಬೇರೆ ಉಪಾಯ ಹುಡುಕಿದರು. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದರು. ಅದರಿಂದಲೇ ಮುಂದೆ ಅಂತಹ ರಾಸಾಯನಿಕ ತುಂಬಿದ ತಾಮ್ರದ ಪುಟ್ಟ ಕೇಪು ಬಂತು, ಕೇಪಿನ ಕೋವಿ ಬಂತು. ಮೂರು ದಶಕಗಳಲ್ಲಿ ಸೈನ್ಯಗಳು ಚಕಮಕಿಯನ್ನು ಕೈಬಿಡತೊಡಗಿದವು.

ಕೇಪು ಬಂದರೂ ಮದ್ದು ಮತ್ತು ಗುಂಡನ್ನು ನಳಿಗೆಯ ಬಾಯಿಯಿಂದಲೇ ತುಂಬಬೇಕಿತ್ತು. ಅದನ್ನು ಮುರಿದವುಗಳಲ್ಲಿ ಪ್ರಶ್ಯದ ಡ್ರೈಸೆ ಸೂಜಿ ಬಂದೂಕು ಮುಖ್ಯವಾದದ್ದು. 1841ರಲ್ಲಿ ಪ್ರಶ್ಯದ ಸೇನೆ ಅದನ್ನು ಅಂಗೀಕರಿಸಿತು. ಕಾಗದದ ಒಂದೇ ಪೊಟ್ಟಣದಲ್ಲಿ ಗುಂಡು, ಮದ್ದು, ಕಿಡಿಯ ಮಸಾಲೆ ಮೂರೂ ಇದ್ದವು. ಆದರೆ ಮಸಾಲೆ ಇದ್ದದ್ದು ಹಿಂದುಗಡೆಯಲ್ಲಲ್ಲ, ಗುಂಡಿನ ಬುಡದಲ್ಲಿ. ಹಾಗಾಗಿ ಉದ್ದನೆಯ ಸೂಜಿಯೊಂದು ಕಾಗದವನ್ನು ಚುಚ್ಚಿ, ಮದ್ದಿನ ನಡುವೆ ಹಾದು ಅದನ್ನು ತಲಪಬೇಕಿತ್ತು. ಮದ್ದು ಉರಿಯುವಾಗ ಸೂಜಿ ಆ ಬೆಂಕಿಯೊಳಗೇ ಇರುತ್ತಿತ್ತು. ಅದು ತುಕ್ಕು ಹಿಡಿದು ಪೆಡಸಾಗಿ ಮುರಿಯುತ್ತಿದ್ದುದರಿಂದ ಸೈನಿಕರು ಬದಲಿ ಸೂಜಿಗಳನ್ನು ಜೊತೆಗೇ ಇಟ್ಟುಕೊಳ್ಳುತ್ತಿದ್ದರು. ಹಿಂಬದಿಯ ಸಂದಿಯಿಂದ ಬಿಸಿ ಅನಿಲ ಮುಖಕ್ಕೆ ರಾಚುತ್ತಿತ್ತು. ಇಷ್ಟೆಲ್ಲ ದೋಷಗಳಿದ್ದೂ 1866ರ ಜುಲೈ 3ರಂದು ಕೋನಿಗ್‌ಗ್ರೆಟ್ಸ್‌ನಲ್ಲಿ ಅದು ಆಸ್ಟ್ರಿಯದ ಸೇನೆಯನ್ನು ಕಂಗೆಡಿಸಿತು. ಆಸ್ಟ್ರಿಯದ ಸೈನಿಕ ಎದ್ದು ನಿಂತು ನಳಿಗೆಯ ಬಾಯಿಗೆ ಮದ್ದು ಸುರಿದು ಗಜದಿಂದ ಜಡಿಯುವಷ್ಟರಲ್ಲಿ, ಪ್ರಶ್ಯದವನು ನೆಲಕ್ಕೆ ಒರಗಿದ್ದಂತೆಯೇ ಹಲವು ಬಾರಿ ಗುಂಡು ಹಾರಿಸಬಲ್ಲವನಾಗಿದ್ದ.

ಅದೇ ವರ್ಷ ಫ್ರಾನ್ಸ್ ಶಾಸ್ಪೊ ರೈಫಲನ್ನು ಅಂಗೀಕರಿಸಿತು. ಹಿಂಬದಿಯಿಂದ ಅನಿಲ ಸೋರದಂತೆ ರಬ್ಬರಿನ ತಡೆ, ಚಿಕ್ಕ ಗುಂಡು, ಡ್ರೈಸೆಗಿಂತ ಸುಮಾರು ಎರಡು ಪಟ್ಟು ದೂರದ ಹೊಡೆತ. ವಿಜಯದ ವರ್ಷದಲ್ಲೇ ಡ್ರೈಸೆ ಹಳತಾಯಿತು. ಆದರೂ ಫ್ರಾನ್ಸ್ ಮತ್ತು ಪ್ರಶ್ಯದ ನಡುವಿನ 1870–71ರ ಯುದ್ಧದಲ್ಲಿ ಗೆದ್ದದ್ದು ಡ್ರೈಸೆ ಹಿಡಿದಿದ್ದ ಪ್ರಶ್ಯವೇ, ಮುಖ್ಯವಾಗಿ ಕ್ರುಪ್ ಕಂಪನಿಯ ಫಿರಂಗಿಗಳ ಮತ್ತು ಉತ್ತಮ ಸೇನಾ ಸಂಘಟನೆಯ ಬಲದಿಂದ. ಹಳೆಯ ವಿನ್ಯಾಸದ ಕೋವಿ ಹಿಡಿದ ಸೈನ್ಯ ಸೋಲಲೇಬೇಕೆಂಬ ನಿಯಮವಿಲ್ಲ ಎಂಬುದನ್ನು ಆಯುಧ ತಂತ್ರಜ್ಞಾನದ ಬಗ್ಗೆ ಬರೆಯುವವರು ಆಗಾಗ ಮರೆಯುತ್ತಾರೆ.

ಕಾಗದದ ಜಾಗಕ್ಕೆ ಲೋಹದ ಚಿಪ್ಪು ಬಂದಾಗ, ಕಿಡಿಯ ಮಸಾಲೆಯನ್ನು ಎಲ್ಲಿಡಬೇಕೆಂಬುದೇ ದೊಡ್ಡ ಪ್ರಶ್ನೆಯಾಯಿತು. ಫ್ರಾನ್ಸಿನ ಕಾಸಿಮಿರ್ ಲೆಫೋಶೊ 1830ರ ದಶಕದಲ್ಲಿ ರೂಪಿಸಿದ ಪಿನ್‌ಫೈರ್ ತೋಟಾವನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಜಾಣ್ಮೆಯೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ಚಿಪ್ಪಿನ ಬುಡದ ಬಳಿ, ಪಕ್ಕದಲ್ಲಿ ಸಣ್ಣದೊಂದು ಮೊಳೆ ಹೊರಚಾಚಿರುತ್ತದೆ. ಸುತ್ತಿಗೆ ಮೇಲಿನಿಂದ ಅದಕ್ಕೆ ಬಡಿಯುತ್ತದೆ, ಮೊಳೆಯ ಒಳತುದಿ ಒಳಗಿನ ಕೇಪನ್ನು ಒತ್ತುತ್ತದೆ. ತೋಟಾವನ್ನು ತುಂಬುವಾಗ ಮೊಳೆ ಕೋವಿಯ ಕಚ್ಚಿಗೆ ಸರಿಯಾಗಿ ಕೂರಬೇಕು. ಕತ್ತಲಲ್ಲಿ, ನಡುಗುವ ಕೈಯಲ್ಲಿ ಇದು ಸುಲಭವಲ್ಲ. ತೋಟಾ ಕೆಳಗೆ ಬಿದ್ದು ಮೊಳೆಗೆ ಪೆಟ್ಟಾದರೆ ಅಲ್ಲೇ ಸಿಡಿಯುವ ಭಯ ಬೇರೆ. ಆದರೂ ಫ್ರಾನ್ಸಿನ ನೌಕಾಪಡೆ 1858ರಲ್ಲಿ ಇಂತಹ ತೋಟಾದ ರಿವಾಲ್ವರನ್ನು ಅಂಗೀಕರಿಸಿತು.

ಇನ್ನೊಂದು ಉತ್ತರ ರಿಮ್‌ಫೈರ್. ಚಿಪ್ಪಿನ ಬುಡದ ಅಂಚನ್ನು ಮಡಚಿ, ಆ ಮಡಿಕೆಯೊಳಗೆ ಮಸಾಲೆ ತುಂಬುತ್ತಾರೆ. ಸುತ್ತಿಗೆಯ ಮೂತಿ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟುತ್ತದೆ. 1857ರಲ್ಲಿ ಸ್ಮಿತ್ ಅಂಡ್ ವೆಸನ್ನಿನ ಪುಟ್ಟ ರಿವಾಲ್ವರಿನ ಜೊತೆ .22 ಶಾರ್ಟ್ ಬಂತು, 1860ರಲ್ಲಿ ಹೆನ್ರಿ ರೈಫಲಿನ ಜೊತೆ .44 ಹೆನ್ರಿ ಬಂತು. ಆದರೆ ಅಂಚು ಜಜ್ಜಿಹೋಗಬೇಕಾದರೆ ಲೋಹ ತೆಳುವಾಗಿರಬೇಕು, ತೆಳು ಲೋಹ ಹೆಚ್ಚಿನ ಒತ್ತಡ ತಾಳದು. ಮದ್ದಿನ ಬಲ ಏರಿದಂತೆ ದೊಡ್ಡ ರಿಮ್‌ಫೈರ್‌ಗಳೆಲ್ಲ ಒಂದೊಂದಾಗಿ ಹೋದವು. ಕಡಿಮೆ ಒತ್ತಡವೇ ಸಾಕಾಗುವ .22 ಮಾತ್ರ ಗಟ್ಟಿಯಾಗಿ ನಿಂತಿತು.

ಕಾನೂನಿನ ಒತ್ತಡವೂ ಆಗ ವಿಚಿತ್ರ ತೋಟಾಗಳನ್ನು ಹುಟ್ಟಿಸಿತು. ರಿವಾಲ್ವರಿನ ಉರುಳೆಯನ್ನು ಹಿಂದಿನಿಂದ ಮುಂದಿನವರೆಗೆ ಆರಪಾರ ಕೊರೆಯುವ ವಿಧಾನಕ್ಕೆ ಅಮೆರಿಕದ ರೋಲಿನ್ ವೈಟ್ 1855ರಲ್ಲಿ ಪೇಟೆಂಟ್ ಪಡೆದಿದ್ದರು. ಅದರ ಹಕ್ಕು ಸ್ಮಿತ್ ಅಂಡ್ ವೆಸನ್ ಬಳಿ ಇತ್ತು. 1869ರಲ್ಲಿ ಅವಧಿ ಮುಗಿಯುವವರೆಗೆ ಬೇರೆಯವರು ಅಂತಹ ಉರುಳೆ ಮಾಡುವಂತಿರಲಿಲ್ಲ. ಹಾಗಾಗಿ ಮುಂದಿನಿಂದ ತುಂಬಬಹುದಾದ, ಬುಡದಲ್ಲಿ ಮೊಲೆತೊಟ್ಟಿನಂತಹ ಚಾಚು ಇರುವ ತೋಟಾ, ಬಟ್ಟಲಿನಂತೆ ಬುಡ ತಗ್ಗಾದ ತೋಟಾ, ಒಂದು ಬದಿಯಲ್ಲಷ್ಟೇ ತುಟಿ ಇರುವ ತೋಟಾ ಎಂದು ಪ್ರತಿಸ್ಪರ್ಧಿಗಳು ಏನೇನೋ ಹೊಸೆದರು. ವೈಟ್ ಅವರಿಗೆ ಪೇಟೆಂಟ್ ವಿಸ್ತರಿಸಿಕೊಳ್ಳಲು ಅವಕಾಶ ನೀಡುವ ಮಸೂದೆಯನ್ನು 1870ರಲ್ಲಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ತಿರಸ್ಕರಿಸಿದರು. ಅಲ್ಲಿಗೆ ಈ ತೋಟಾಗಳ ಅಗತ್ಯವೇ ಉಳಿಯಲಿಲ್ಲ. ಅವು ಯುದ್ಧದಲ್ಲಿ ಸೋತು ಹಳತಾದವಲ್ಲ, ಹುಟ್ಟಿಗೆ ಕಾರಣವಾಗಿದ್ದ ನಿರ್ಬಂಧ ತೆರವಾದದ್ದರಿಂದ ಹಳತಾದವು. ಅಷ್ಟರಲ್ಲಿ ಬುಡದ ನಡುಮಧ್ಯೆ ಕೇಪು ಕೂರಿಸುವ ಸೆಂಟರ್‌ಫೈರ್ ವಿಧಾನ ನೆಲೆಗೊಳ್ಳುತ್ತಿತ್ತು. ಇಂದಿಗೂ ಬಹುತೇಕ ತೋಟಾಗಳು ಇದೇ ಬಗೆಯವು.

1884ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವಿಯೆಯ್ ಹೊಗೆ ತೀರಾ ಕಡಿಮೆ ಇರುವ ಮದ್ದನ್ನು ಕಂಡುಹಿಡಿದದ್ದು ಈ ಇಡೀ ಇತಿಹಾಸದ ದೊಡ್ಡ ತಿರುವು. ಕರಿಮದ್ದಿಗಿಂತ ಅದರ ಬಲ ಎಷ್ಟೋ ಹೆಚ್ಚು. 11 ಮಿ.ಮೀ. ಗುಂಡಿನ ಬದಲು 8 ಮಿ.ಮೀ. ಗುಂಡನ್ನು ಇನ್ನೂ ವೇಗವಾಗಿ, ಇನ್ನೂ ದೂರಕ್ಕೆ ಹಾರಿಸಬಹುದಾಯಿತು. ಹಾರಿಸಿದವನ ಜಾಗವನ್ನು ಹೊಗೆ ತೋರಿಸಿಕೊಡುವುದೂ ತಪ್ಪಿತು. 1886ರಲ್ಲಿ ಫ್ರಾನ್ಸ್ ಲೆಬೆಲ್ ರೈಫಲನ್ನು ಹೊರತಂದಾಗ ಉಳಿದೆಲ್ಲ ದೇಶಗಳ ರೈಫಲ್‌ಗಳು ಒಂದೇ ಏಟಿಗೆ ಹಿಂದೆ ಬಿದ್ದವು. ಜರ್ಮನಿ ಎರಡೇ ವರ್ಷದಲ್ಲಿ ತನ್ನ 1888ರ ರೈಫಲ್ ತಂದಿತು.

ಆದರೆ ಮೊದಲು ಓಡಿದವರೇ ಇಲ್ಲಿ ಎಡವಿದರು. ಯುದ್ಧಮಂತ್ರಿ ಜನರಲ್ ಬೂಲಾಂಜೆ ಅವರಿಗೆ ಹೊಸ ರೈಫಲ್ ತುರ್ತಾಗಿ ಬೇಕಿತ್ತು. ಹೊಸ ತೋಟಾವನ್ನು ಬುಡದಿಂದ ರೂಪಿಸಲು ಸಮಯವಿಲ್ಲದೆ, ಹಳೆಯ 11 ಮಿ.ಮೀ. ಗ್ರಾ ತೋಟಾದ ಬುಡವನ್ನೇ ಇಟ್ಟುಕೊಂಡು ಕುತ್ತಿಗೆಯನ್ನು 8 ಮಿ.ಮೀ.ಗೆ ಇಳಿಸಿದರು. ಹುಟ್ಟಿದ್ದು ಬುಡದಲ್ಲಿ ದಪ್ಪ, ತುದಿಗೆ ಥಟ್ಟನೆ ಸಪೂರವಾಗುವ, ಅಗಲ ಅಂಚಿನ ತೋಟಾ. ಅದನ್ನು ತುಂಬುತ್ತಿದ್ದುದು ನಳಿಗೆಯ ಕೆಳಗಿನ ಕೊಳವೆಯಲ್ಲಿ, ಒಂದರ ಹಿಂದೊಂದು, ಎಂಟು. 1898ರಲ್ಲಿ ಚೂಪು ಮೂತಿಯ ಹೊಸ ಗುಂಡು ಬಂದಾಗ ಹಿಂದಿನ ತೋಟಾದ ಮೂತಿ ಮುಂದಿನದರ ಕೇಪಿಗೆ ಒತ್ತಿ ಕೊಳವೆಯೊಳಗೇ ಸಿಡಿಯುವ ಅಪಾಯವಿತ್ತು. ಅದನ್ನು ತಪ್ಪಿಸಲು ಚಿಪ್ಪಿನ ಬುಡದಲ್ಲಿ ಕೇಪಿನ ಸುತ್ತ ಉಂಗುರದಂತಹ ತೋಡು ಕೊರೆದರು, ಮೂತಿ ಆ ತೋಡಿನಲ್ಲಿ ಕೂರುವಂತೆ. ಈ ತೋಟಾದ ಸೊಟ್ಟ ಆಕಾರದಿಂದಾಗಿಯೇ ಮೊದಲ ಮಹಾಯುದ್ಧದ ಶೋಶಾ ಮಷಿನ್‌ಗನ್ನಿಗೆ ಅರ್ಧಚಂದ್ರಾಕಾರದ ಮ್ಯಾಗಜಿನ್ (ತೋಟಾ ತುಂಬುವ ಪೆಟ್ಟಿಗೆ) ಬೇಕಾಯಿತು. ಆ ಮ್ಯಾಗಜಿನ್ನಿನ ಬದಿಯ ತೆರಪುಗಳಲ್ಲಿ ಕಂದಕದ ಕೆಸರು ನುಗ್ಗಿ ಬಂದೂಕು ಕಚ್ಚಿಕೊಳ್ಳುತ್ತಿತ್ತು. 1886ರ ಅವಸರದ ಬೆಲೆಯನ್ನು ಮೂವತ್ತು ವರ್ಷಗಳ ನಂತರ ಬೇರೆ ಪೀಳಿಗೆಯ ಸೈನಿಕರು ತೆತ್ತರು. ಕೋಟಿಗಟ್ಟಲೆ ತೋಟಾಗಳ ದಾಸ್ತಾನನ್ನು ಬಿಡಲಾಗದೆ ಫ್ರಾನ್ಸ್ ಅದನ್ನು ಎರಡನೆಯ ಮಹಾಯುದ್ಧದವರೆಗೂ ಹೊತ್ತುಕೊಂಡೇ ಬಂತು. ನನ್ನನ್ನು ಇಂದಿಗೂ ಕಾಡುವ ಉದಾಹರಣೆ ಇದು.

ಇದಕ್ಕೆ ನೇರ ವಿರುದ್ಧವಾದದ್ದು ರಷ್ಯದ 7.62×54 ಮಿ.ಮೀ. ತೋಟಾ (ಮೊದಲ ಸಂಖ್ಯೆ ಗುಂಡಿನ ಅಡ್ಡಳತೆ, ಎರಡನೆಯದು ಚಿಪ್ಪಿನ ಉದ್ದ). ಅದೂ ಅಂಚುಳ್ಳದ್ದೇ, ಲೆಬೆಲ್‌ಗಿಂತ ಐದೇ ವರ್ಷ ಚಿಕ್ಕದು, 1891ರ ಮೊಸಿನ್ ರೈಫಲಿನ ಜೊತೆ ಬಂದದ್ದು. ಮ್ಯಾಗಜಿನ್ನಿನಲ್ಲಿ ಅಂಚಿಗೆ ಅಂಚು ಸಿಕ್ಕಿಕೊಳ್ಳುವ ಕಾರಣಕ್ಕೆ ಹೆಚ್ಚಿನ ದೇಶಗಳು ಇಂತಹ ತೋಟಾಗಳನ್ನು ಎಂದೋ ಬಿಟ್ಟವು. ರಷ್ಯ ಬಿಡಲಿಲ್ಲ. ಅಲ್ಲಿನ ವಿನ್ಯಾಸಕಾರರು ಅಂಚಿಗೆ ಹೊಂದುವಂತೆ ಬಂದೂಕನ್ನೇ ರೂಪಿಸಿದರು. ಪಿಕೆ ಮಷಿನ್‌ಗನ್ ತೋಟಾ ಪೋಣಿಸಿದ ಬೆಲ್ಟಿನಿಂದ ತೋಟಾವನ್ನು ಮೊದಲು ಅಂಚು ಹಿಡಿದು ಹಿಂದಕ್ಕೆಳೆದು, ಆಮೇಲೆ ನಳಿಗೆಗೆ ತಳ್ಳುತ್ತದೆ. ಡ್ರಾಗುನೊವ್ ರೈಫಲಿನ ಮ್ಯಾಗಜಿನ್ನೂ ಹಾಗೆಯೇ ಅದಕ್ಕೆಂದೇ ಹೊಂದಿಸಿದ್ದು. ನೂರಮೂವತ್ತು ವರ್ಷ ದಾಟಿದ ಮೇಲೂ ಅದು ಸೇವೆಯಲ್ಲಿದೆ. ತೋಟಾದ ವಿನ್ಯಾಸ ಹಳೆಯದು ಎಂಬುದಕ್ಕೂ ಅದು ಬಳಕೆ ತಪ್ಪಿದೆ ಎಂಬುದಕ್ಕೂ ಇಷ್ಟು ಅಂತರವಿದೆ.

ದಾಸ್ತಾನಿನ ಹಿಡಿತ ಎಷ್ಟು ಬಿಗಿ ಎಂಬುದನ್ನು ಅಮೆರಿಕವೂ ತೋರಿಸಿದೆ. ಜಾನ್ ಗ್ಯಾರಂಡ್ ತಮ್ಮ ಅರೆಸ್ವಯಂಚಾಲಿತ ರೈಫಲನ್ನು .276 ಎಂಬ ಚಿಕ್ಕ ತೋಟಾಕ್ಕೂ ರೂಪಿಸಿದ್ದರು. 1932ರಲ್ಲಿ ಸೇನಾ ಮುಖ್ಯಸ್ಥ ಡಗ್ಲಸ್ ಮ್ಯಾಕ್‌ಆರ್ಥರ್ ಅದನ್ನು ಒಪ್ಪಲಿಲ್ಲ. ಗೋದಾಮುಗಳಲ್ಲಿ .30-06 ತೋಟಾಗಳ ರಾಶಿ ಬಿದ್ದಿತ್ತು. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ .280 ಎಂಬ ಮಧ್ಯಮ ಬಲದ ತೋಟಾವನ್ನು ಮುಂದಿಟ್ಟಾಗಲೂ ಅಮೆರಿಕ ಒಪ್ಪಲಿಲ್ಲ. 1954ರಲ್ಲಿ 7.62×51 ಮಿ.ಮೀ. ಪಾಶ್ಚಾತ್ಯ ಸೇನಾ ಒಕ್ಕೂಟವಾದ ನೇಟೊದ ಸಾಮಾನ್ಯ ತೋಟಾ ಆಯಿತು. ಅದಕ್ಕಾಗಿ ಬಂದ ಎಂ-14 ರೈಫಲ್ ವಿಯೆಟ್ನಾಮಿನಲ್ಲಿ ಭಾರವೆನಿಸಿ, ಅದರ ಜಾಗಕ್ಕೆ ಎಂ-16 ಮತ್ತು 5.56 ಮಿ.ಮೀ. ತೋಟಾ ಬಂದವು. ಯಾವ ಹಗುರ ತೋಟಾವನ್ನು ಬೇಡವೆಂದಿದ್ದರೋ ಅದಕ್ಕಿಂತಲೂ ಹಗುರವಾದದ್ದನ್ನು ಅಮೆರಿಕದವರೇ ಇಡೀ ನೇಟೊಗೆ ತಂದರು.

ಈಗ ಗಡಿಯಾರದ ಮುಳ್ಳು ಮತ್ತೆ ಭಾರದ ತೋಟಾದ ಕಡೆಗೆ ಸರಿಯುತ್ತಿದೆ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಸಿಗ್ ಸೌರ್ ಕಂಪನಿಯ 6.8×51 ಮಿ.ಮೀ. ತೋಟಾದ ಹೊಸ ರೈಫಲನ್ನು ಆಯ್ದುಕೊಂಡಿತು. ಆಧುನಿಕ ಎದೆಕವಚವನ್ನು ದೂರದಿಂದ ಭೇದಿಸುವ ಶಕ್ತಿ 5.56ಕ್ಕೆ ಸಾಲದು ಎಂಬುದು ಸೇನೆಯ ವಾದ. ಹೊಸ ತೋಟಾದೊಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 80,000 ಪೌಂಡ್. ಬರೀ ಹಿತ್ತಾಳೆ ಇದನ್ನು ತಾಳದೆಂದು ಬುಡಕ್ಕೆ ಉಕ್ಕು, ಮೈಗೆ ಹಿತ್ತಾಳೆ ಬಳಸಿದ್ದಾರೆ. ಆದರೆ ಹಳೆಯ ರೈಫಲಿನೊಂದಿಗೆ ಸೈನಿಕ ಸಾಮಾನ್ಯವಾಗಿ 210 ತೋಟಾ ಒಯ್ಯುತ್ತಿದ್ದರೆ, ಹೊಸದರೊಂದಿಗೆ 140. ಅಷ್ಟಕ್ಕೇ ಹೊರೆ ಹೆಚ್ಚು. ಪ್ರತಿ ಪದಾತಿಯೂ ದೂರದ ಕವಚವನ್ನು ಭೇದಿಸಲೇಬೇಕೆಂಬ ಊಹೆ ನನಗೆ ದುರ್ಬಲವಾಗಿ ಕಾಣುತ್ತದೆ. ಹೆಚ್ಚಿನ ಕಾಳಗ ಹತ್ತಿರದಲ್ಲೇ ನಡೆಯುತ್ತದೆ, ಅಲ್ಲಿ ಗುಂಡುಗಳ ಸಂಖ್ಯೆಗೆ ಬೆಲೆ ಜಾಸ್ತಿ. 5.56 ಹಳತಾಯಿತೆಂದು ಈಗಲೇ ಬರೆಯುವವರು ಮಿತ್ರದೇಶಗಳ ಗೋದಾಮುಗಳನ್ನು ಮರೆತಿದ್ದಾರೆ.

ಕಾಲಕ್ಕಿಂತ ಮುಂಚೆ ಬಂದು ಹಳತಾದವುಗಳದ್ದು ಬೇರೆಯೇ ಸಂಕಟ. 1960ರ ದಶಕದ ಜೈರೋಜೆಟ್ ಪಿಸ್ತೂಲಿನ 13 ಮಿ.ಮೀ. ಗುಂಡು ಪುಟ್ಟ ರಾಕೆಟ್. ನಳಿಗೆ ಬಿಟ್ಟ ಮೇಲೂ ಉರಿಯುತ್ತ ವೇಗ ಪಡೆಯುತ್ತಿತ್ತು. ಅಂದರೆ ಪಿಸ್ತೂಲು ಹೆಚ್ಚಾಗಿ ಬಳಕೆಯಾಗುವ ಹತ್ತಿರದ ಅಂತರದಲ್ಲೇ ಅದು ಅತ್ಯಂತ ನಿಧಾನ. ಜರ್ಮನಿಯ ಹೆಕ್ಲರ್ ಅಂಡ್ ಕೋಚ್ ಕಂಪನಿಯ ಜಿ-11 ರೈಫಲಿನ ಸೋಲು ಮಾತ್ರ ಮರುಕ ಹುಟ್ಟಿಸುವಂಥದ್ದು. ಅದರ 4.73 ಮಿ.ಮೀ. ತೋಟಾಕ್ಕೆ ಚಿಪ್ಪೇ ಇರಲಿಲ್ಲ. ಮದ್ದನ್ನೇ ಗಟ್ಟಿ ಇಟ್ಟಿಗೆಯಾಗಿ ಅಚ್ಚುಹಾಕಿ, ಗುಂಡನ್ನು ಅದರೊಳಗೆ ಹುದುಗಿಸಿದ್ದರು. ಮೂರು ಗುಂಡುಗಳು ಹೊರಟು ಹೋದ ಮೇಲಷ್ಟೇ ಒದೆತ ಭುಜಕ್ಕೆ ತಾಗುವಷ್ಟು ವೇಗ. ಹಿತ್ತಾಳೆಯ ಚಿಪ್ಪು ಹೊರಬೀಳುವಾಗ ತನ್ನೊಂದಿಗೆ ಬಹಳಷ್ಟು ಕಾವನ್ನೂ ಒಯ್ಯುತ್ತದೆ ಎಂಬುದು ಚಿಪ್ಪನ್ನು ತೆಗೆದಾಗ ಎದ್ದು ಕಂಡಿತು. ಕಾದ ನಳಿಗೆಯಲ್ಲಿ ತೋಟಾ ತಾನಾಗಿಯೇ ಸಿಡಿಯುತ್ತಿತ್ತು. ಹೆಚ್ಚಿನ ಕಾವಿನಲ್ಲಷ್ಟೇ ಹೊತ್ತುವ ಹೊಸ ಮದ್ದನ್ನು ರೂಪಿಸಿ ಎಂಜಿನಿಯರುಗಳು ಅದನ್ನೂ ಹತೋಟಿಗೆ ತಂದರು. ಅಷ್ಟರಲ್ಲಿ ಬರ್ಲಿನ್ ಗೋಡೆ ಬಿತ್ತು, 1990ರಲ್ಲಿ ಎರಡು ಜರ್ಮನಿಗಳು ಒಂದಾದವು, ರಕ್ಷಣಾ ವೆಚ್ಚ ಇಳಿಯಿತು. ನೇಟೊದ ತೋಟಾಕ್ಕೆ ಹೊಂದದ ರೈಫಲಿಗೆ ಹಣ ಸುರಿಯುವವರು ಯಾರೂ ಇರಲಿಲ್ಲ. 6.8 ಮಿ.ಮೀ. ಸ್ಪರ್ಧೆಯಲ್ಲೂ ಪ್ಲಾಸ್ಟಿಕ್ ಚಿಪ್ಪಿನ ತೋಟಾ ಕೊನೆಯ ಸುತ್ತಿನಲ್ಲಿತ್ತು, ಗೆದ್ದದ್ದು ಮತ್ತೆ ಲೋಹವೇ.

ಕೆಲವೊಮ್ಮೆ ಬಂದೂಕು ಸತ್ತು ತೋಟಾ ಬದುಕುತ್ತದೆ. ಸೋವಿಯತ್ ಒಕ್ಕೂಟ 1941ರಲ್ಲಿ ಟ್ಯಾಂಕು ಹೊಡೆಯಲೆಂದು 14.5 ಮಿ.ಮೀ. ರೈಫಲ್‌ಗಳನ್ನು ತಂದಿತು. ಟ್ಯಾಂಕಿನ ಕವಚ ದಪ್ಪಗಾಗುತ್ತಿದ್ದಂತೆ ಆ ರೈಫಲ್‌ಗಳು ಮೂಲೆ ಸೇರಿದವು. ಅದೇ ತೋಟಾ ಯುದ್ಧದ ನಂತರ ಕೆಪಿವಿ ಭಾರಿ ಮಷಿನ್‌ಗನ್ನಿಗೆ ಹೊಂದಿಕೊಂಡು ಇಂದಿಗೂ ಬಳಕೆಯಲ್ಲಿದೆ.

ಈಗಿನ ಪೀಳಿಗೆಯ ಕೋವಿಗಳನ್ನು ಹಳತಾಗಿಸುತ್ತಿರುವ ದೊಡ್ಡ ಶಕ್ತಿ ಸೇನೆಯಲ್ಲ, ಪರಿಸರ. ಬೇಟೆಯ ತೋಟಾದ ಸೀಸದ ಚರೆಗಳು (ಸಣ್ಣ ಗುಂಡುಗಳು) ಕೆರೆ, ಜೌಗು ನೆಲಗಳಲ್ಲಿ ಬೀಳುತ್ತವೆ. ಬಾತುಗಳು ಅವನ್ನು ಹರಳೆಂದು ನುಂಗಿ ವಿಷವೇರಿ ಸಾಯುತ್ತವೆ. ಸೀಸದ ಗುಂಡಿನ ಚೂರುಗಳಿದ್ದ ಕಳೇಬರ ತಿಂದು ರಣಹದ್ದುಗಳೂ ಸಾಯುತ್ತವೆ, ಕ್ಯಾಲಿಫೋರ್ನಿಯದ ಕಾಂಡೋರ್ ಇದರ ದೊಡ್ಡ ಬಲಿಪಶು. ನೀರುಹಕ್ಕಿಗಳ ಬೇಟೆಗೆ ಅಮೆರಿಕ 1991ರಲ್ಲಿ ದೇಶಾದ್ಯಂತ ಸೀಸದ ಚರೆ ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು ಎಲ್ಲ ಬೇಟೆಗೂ ನಿಲ್ಲಿಸಿತು. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈಯಿಂದ ಯಾವ ಬೇಟೆಗೂ ಸೀಸ ಸಲ್ಲದು. ಐರೋಪ್ಯ ಒಕ್ಕೂಟ 2023ರ ಫೆಬ್ರುವರಿಯಿಂದ ಜೌಗು ಪ್ರದೇಶಗಳಲ್ಲೂ ಅವುಗಳ ಸುತ್ತಲಿನ 100 ಮೀಟರಿನಲ್ಲೂ ಸೀಸದ ಚರೆಯನ್ನು ನಿಷೇಧಿಸಿದೆ. ಈ ನಿರ್ಬಂಧಗಳು ಬಹಳ ತಡವಾಗಿ ಬಂದವು. ಹೊಡೆಯದ ಹಕ್ಕಿಯನ್ನೂ ಕೊಲ್ಲುವ ತೋಟಾವನ್ನು ಯಾವ ಬೇಟೆಯ ಸಂಪ್ರದಾಯವೂ ಸಮರ್ಥಿಸಲಾರದು.

ಬದಲಿಗೆ ಬಂದದ್ದು ಉಕ್ಕಿನ ಚರೆ. ಅದು ಸೀಸಕ್ಕಿಂತ ಗಡುಸು, ಹಗುರವೂ ಹೌದು. ಸೀಸದ ಸಾಂದ್ರತೆ ನೀರಿನ 11.3 ಪಟ್ಟು, ಉಕ್ಕಿನದು 7.8 ಪಟ್ಟಿನ ಆಸುಪಾಸು. ಅಷ್ಟೇ ಪೆಟ್ಟಿಗೆ ದೊಡ್ಡ ಚರೆ, ಹೆಚ್ಚಿನ ವೇಗ ಬೇಕು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬಡಿದು ಮಾಡಿದ ಹಳೆಯ ಡಮಾಸ್ಕಸ್ ನಳಿಗೆಗಳಿಗೆ ಇದು ಹೇಳಿಸಿದ್ದಲ್ಲ. ತುದಿ ಬಿಗಿಯಾದ ಹಳೆಯ ಜೋಡಿ ನಳಿಗೆಗಳು ಗಡುಸು ಚರೆಗೆ ಉಬ್ಬಿ ಹಾಳಾಗುವ ಭಯವಿದೆ. ಬಿಸ್ಮತ್ ಚರೆ ಮೃದು, ಹಳೆಯ ಕೋವಿಗೆ ಹೊಂದುತ್ತದೆ, ಆದರೆ ದುಬಾರಿ. ಹೀಗೆ ಮೂರು ತಲೆಮಾರು ನಡೆದುಬಂದ ಎಷ್ಟೋ ಕೋವಿಗಳು ಒಂದು ಸ್ಕ್ರೂ ಕೂಡ ಸಡಿಲವಾಗದೆ ಬಳಕೆ ತಪ್ಪುತ್ತಿವೆ.

ರೈಫಲ್ ಗುಂಡಿನಲ್ಲಿ ತೊಡಕು ಬೇರೆ. ಸೀಸದ ಬದಲು ತಾಮ್ರ ಬಳಸಿದರೆ ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದನೆಯ ಗುಂಡು ಗಾಳಿಯಲ್ಲಿ ತೊನೆಯದೆ ನೇರ ಹೋಗಲು ಅದನ್ನು ಹೆಚ್ಚು ಬಿರುಸಾಗಿ ತಿರುಗಿಸಬೇಕು. ಆದರೆ ನಳಿಗೆಯೊಳಗಿನ ಸುರುಳಿ ತೋಡುಗಳ ತಿರುವು ಕಾರ್ಖಾನೆಯಲ್ಲೇ ನಿಗದಿಯಾಗಿಬಿಟ್ಟಿರುತ್ತದೆ. ಹಗುರ ಗುಂಡಿಗೆ ಬದಲಾಯಿಸಿಕೊಂಡರೆ ಹಲವು ಕ್ಯಾಲಿಬರ್‌ಗಳು (ನಳಿಗೆಯ ಅಳತೆಗಳು) ಉಳಿಯುತ್ತವೆ, ನಿಧಾನ ತಿರುವಿನ ಹಳೆಯ ಕೆಲವು ಉಳಿಯುವುದು ಕಷ್ಟ. .22 ರಿಮ್‌ಫೈರ್‌ನಲ್ಲಿ ಈ ತೊಡಕು ಇನ್ನೂ ಬಿಗಿ. ಅದರ ನಿಖರತೆ ನಿಂತಿರುವುದೇ ಮೃದು ಸೀಸ ನಳಿಗೆಯ ತೋಡುಗಳಿಗೆ ಕಚ್ಚಿಕೊಳ್ಳುವುದರ ಮೇಲೆ. ಬ್ರಿಟನ್ನಿನಲ್ಲಿ ರೂಪುಗೊಂಡ ಸೀಸ ನಿರ್ಬಂಧದ ಪ್ರಸ್ತಾವ ಇಂತಹ ಚಿಕ್ಕ ಗುಂಡುಗಳನ್ನು ಸದ್ಯಕ್ಕೆ ಹೊರಗಿಟ್ಟಿದೆ. ಸೀಸದಷ್ಟೇ ನಿಖರವಾದ, ಅಷ್ಟೇ ಅಗ್ಗವಾದ .22 ಗುಂಡನ್ನು ಬೇರೆ ಲೋಹದಲ್ಲಿ ಮಾಡಿ ತೋರಿಸಿದ ದಿನ ಆ ವಿನಾಯಿತಿಗೆ ಕಾರಣ ಉಳಿಯುವುದಿಲ್ಲ.